ಮನೆಯವರಿಗೆ ತಿಳಿಯುವ ಮೊದಲು

ಮಾರ್ಚ್ 3

ಅಕ್ಕಾ,

ಹೋದ ಭಾನುವಾರ ನೀನು ಐದಾರು ಸಲ ಫೋನ್ ಮಾಡಿರುತ್ತೀಯ, ಪ್ರತಿ ಸಲವೂ ಸ್ವಿಚ್ ಆಫ್ ಎಂದು ಬಂದಿರುತ್ತದೆ. ಫೋನ್ ಕೆಟ್ಟಿಲ್ಲ. ಹಲ್ಲಿನ ಸೆಟ್ಟು ಮಾಡುವ ನನ್ನ ಲ್ಯಾಬಿನಲ್ಲಿ ಪ್ಲಾಸ್ಟರ್ ಪುಡಿ ಇಡುವ ಡಬ್ಬದೊಳಗೆ ಹಾಕಿ ಮುಚ್ಚಳ ಬಿಗಿದಿದ್ದೇನೆ. ದಿನಕ್ಕೆ ಇಪ್ಪತ್ತು ಕರೆ ಬರುತ್ತಿತ್ತು. ಮೊದಮೊದಲು ನಂಬರು ನೋಡಿ ಸುಮ್ಮನಿರುತ್ತಿದ್ದೆ. ಆಮೇಲೆ ನಂಬರುಗಳು ಬದಲಾಗತೊಡಗಿದವು. ಹೆಂಡತಿ ಪಕ್ಕದಲ್ಲಿ ಕೂತಿರುವಾಗ ಅದು ಮೇಜಿನ ಮೇಲೆ ಗುರ್ ಎಂದು ತೆವಳಿದರೆ ಅದರ ಮೇಲೆ ಪೇಪರು ಎಳೆದು ಮುಚ್ಚುತ್ತಿದ್ದೆ. "ಯಾರ್ರೀ ಅದು ಪದೇ ಪದೇ?" ಅನ್ನುತ್ತಿದ್ದಳು. ರಾಂಗ್ ನಂಬರ್ ಅನ್ನುತ್ತಿದ್ದೆ. ಅವಳಿಗೆ ಟೀಚರ್ ಎಂದು ಹೆಸರಿಟ್ಟವಳು ನೀನೇ. ಶಿಶುವಿಹಾರದಲ್ಲಿ ಪಾಠ ಹೇಳುವವಳು ಮಾತ್ರವಲ್ಲ, ಉತ್ತರ ಬರುವವರೆಗೆ ಬಿಡುವವಳೂ ಅಲ್ಲ. ಒಂದೇ ದಿನ ಏಳು ರಾಂಗ್ ನಂಬರ್ ಆದ ಮೇಲೆ ಫೋನನ್ನು ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಅದಕ್ಕೇ ಈ ಕಾಗದ. ದಯವಿಟ್ಟು ಅವಳ ಫೋನಿಗೆ ಮಾಡಬೇಡ.

ಸಾಲ ಮಾಡಿದ್ದೇನೆ, ಅಕ್ಕ. ಎರಡು ವರ್ಷದ ಹಿಂದೆ ಪಿಂಗಾಣಿ ಹಲ್ಲು ಸುಡುವ ಫರ್ನೇಸ್ ತಂದೆನಲ್ಲ, ಅದು ನನ್ನ ಉಳಿತಾಯದ ಹಣವಲ್ಲ. ನನಗೆ ಕೆಲಸ ಕೊಡುತ್ತಿದ್ದ ದಂತವೈದ್ಯರು ಈಗ ಬಾಯಿಯ ಅಳತೆಯನ್ನು ಕಂಪ್ಯೂಟರಿನಲ್ಲೇ ಕಳಿಸಿ ದೊಡ್ಡ ಲ್ಯಾಬಿನಿಂದ ಹಲ್ಲು ತರಿಸುತ್ತಾರೆ. "ನಿಮ್ ಕೈ ಚಿನ್ನ ಕಣ್ರೀ, ಆದ್ರೆ ನಂಗೆ ಮೂರೇ ದಿನದಲ್ಲಿ ಬೇಕು" ಎಂದರು. ಫರ್ನೇಸ್ ಬಾಯಿ ಮುಚ್ಚಿಕೊಂಡು ಕೂತಿದೆ. ಕಂತು ಮಾತ್ರ ಕೂತಿಲ್ಲ. ನಾಲ್ಕು ಕಂತು ತಪ್ಪಿದೆ.

ನಿನ್ನೆ ಯಾರೋ ಬಾಗಿಲು ತಟ್ಟಿದರು. ನಾನು ಮೇಣದಲ್ಲಿ ಹಲ್ಲು ಕೂರಿಸುತ್ತಿದ್ದವನು ಹಾಗೇ ಉಸಿರು ಹಿಡಿದು ಕೂತೆ. ಮೇಣ ಆರಿತು, ಹಲ್ಲು ಸೊಟ್ಟಗಾಯಿತು. ಮತ್ತೆ ತಟ್ಟಿದರು. "ಒಳಗಿದೀರಿ ಅಂತ ಗೊತ್ತು, ದೀಪ ಕಾಣ್ತಿದೆ. ನೀರಿನ ಬಿಲ್ಲು ಕೊಡೋಕ್ ಬಂದೆ ಮಾರಾಯ್ರೆ!" ಎಂದರು ಮಹಡಿಯ ಓನರಮ್ಮ. ಬಾಗಿಲು ತೆಗೆದಾಗ ನನ್ನ ಮುಖ ನೋಡಿ ಅವರೇ ಎರಡು ಹೆಜ್ಜೆ ಹಿಂದೆ ಸರಿದರು.

ಹಣ ಕೇಳುತ್ತಿಲ್ಲ. ಇದರಿಂದ ಹೊರಬರುವುದು ಹೇಗೆ ಎಂದು ಮಾತ್ರ ಹೇಳು. ನಿನಗೆ ಆಫೀಸುಗಳ ರೀತಿ ಗೊತ್ತು.

ನಿನ್ನ ತಮ್ಮ


ಮಾರ್ಚ್ 10

ಗುಬ್ಬಿ,

ಐದಾರಲ್ಲ, ಹನ್ನೊಂದು ಸಲ ಮಾಡಿದೆ. ಹನ್ನೆರಡನೆಯದಕ್ಕೆ ಬಸ್ಸು ಹತ್ತುವವಳಿದ್ದೆ.

ಬೈಯುವುದನ್ನು ಆಮೇಲೆ ಇಟ್ಟುಕೊಳ್ಳೋಣ. ಈ ಕಾಗದ ಓದಿದ ಕೂಡಲೇ ನೀನು ಮಾಡಬೇಕಾದದ್ದು ಇಷ್ಟು. ನೀನು ಒಡೆಯದೆ ಇಟ್ಟ ಲಕೋಟೆಗಳು ಇರುತ್ತವೆ. ಎಲ್ಲಿವೆ ಎಂದೂ ಹೇಳಬಲ್ಲೆ, ಡ್ರಾಯರಿನಲ್ಲಿ, ಹಳೆಯ ಅಚ್ಚುಗಳ ಕೆಳಗೆ. ತೆಗೆದು ಒಂದೊಂದಾಗಿ ಒಡೆ. ತಾರೀಖಿನ ಪ್ರಕಾರ ಜೋಡಿಸು. ಆಮೇಲೆ ಒಂದೇ ಹಾಳೆಯಲ್ಲಿ ಬರೆ: ಯಾರಿಗೆ, ಎಷ್ಟು, ತಿಂಗಳ ಬಡ್ಡಿ ಎಷ್ಟು, ಎಂದು ಕೊಡಬೇಕು. ಫರ್ನೇಸ್ ಸಾಲ ಒಂದೇ ಎಂದು ಬರೆದಿದ್ದೀಯ. ಸಾಲ ಒಂಟಿಯಾಗಿ ಬರುವುದಿಲ್ಲ, ನೆಂಟರನ್ನು ಕರೆದುಕೊಂಡು ಬರುತ್ತದೆ. ಎಲ್ಲವನ್ನೂ ಬರೆ.

ಅದೇ ಹಾಳೆಯ ಕೆಳಗೆ, ಮನೆಗೆ ಬರುವ ಹಣವೆಷ್ಟು, ಬಾಡಿಗೆ, ದಿನಸಿ, ಕರೆಂಟು, ಬಸ್ಸಿಗೆ ಹೋಗಲೇಬೇಕಾದದ್ದೆಷ್ಟು ಎಂದು ಬರೆ. ಉಳಿಯುವುದು ಎರಡು ಸಾವಿರವಾದರೂ ಪರವಾಗಿಲ್ಲ. ಅದೊಂದೇ ನಿನ್ನ ಕೈಯಲ್ಲಿರುವ ಕೋಲು. ಹಳೆಯದನ್ನು ತೀರಿಸಲು ಹೊಸ ಸಾಲ ತರಬೇಡ. ಬಸ್ ನಿಲ್ದಾಣದ ಗೋಡೆಯ ಮೇಲೆ ‘ಹತ್ತು ನಿಮಿಷದಲ್ಲಿ ಸಾಲ’ ಎಂದು ಅಂಟಿಸಿದ ಚೀಟಿಗಳನ್ನು ನೋಡಿ ನಂಬರು ಬರೆದುಕೊಂಡಿದ್ದರೆ ಹರಿದು ಹಾಕು.

ಕಂಪನಿಯಿಂದ ಬಂದ ಕಾಗದ ಇದ್ದರೆ ಅದರ ಮಾತುಗಳನ್ನು ಇದ್ದಹಾಗೇ ನನಗೆ ಬರೆದು ಕಳಿಸು. ನನ್ನ ಕೆಲಸ ಗೊತ್ತಲ್ಲ, ದಿನವಿಡೀ ಆಫೀಸಿನ ಕಾಗದ ಟೈಪ್ ಮಾಡುವುದು. ಯಾವುದು ಬೊಗಳುವ ಕಾಗದ, ಯಾವುದು ಕಚ್ಚುವ ಕಾಗದ ಎಂದು ನೋಡಿದರೆ ತಿಳಿಯುತ್ತದೆ.

ಕೊನೆಯದು ಮತ್ತು ಮೊದಲನೆಯದು: ಟೀಚರ್‌ಗೆ ಹೇಳು. ಇವತ್ತೇ.

ಅಕ್ಕ


ಮಾರ್ಚ್ 18

ಅಕ್ಕಾ,

ಅಚ್ಚುಗಳ ಕೆಳಗೇ ಇದ್ದವು. ಹದಿನಾಲ್ಕು ಲಕೋಟೆ.

ನೀನು ಹೇಳಿದ ನೆಂಟರು ಮೂವರು. ಫರ್ನೇಸ್ ಕೊಟ್ಟ ಕಂಪನಿಗೆ ದಂಡ ಬಡ್ಡಿ ಸೇರಿ ಒಂದು ಲಕ್ಷ ಎಂಬತ್ತು ಸಾವಿರ. ಕಾರ್ಡಿನ ಮೇಲೆ ನಲವತ್ತೊಂದು ಸಾವಿರ, ಅದಕ್ಕೆ ತಿಂಗಳಿಗೆ ನೂರಕ್ಕೆ ಮೂರು. ಹಲ್ಲು, ಮೇಣ, ಪುಡಿ ಕೊಡುವ ಡೀಲರ್‌ಗೆ ಇಪ್ಪತ್ತೆರಡು. ಜೊತೆಯಲ್ಲಿ ಕೆಲಸ ಕಲಿತ ಗೆಳೆಯನಿಗೆ ಹದಿನೈದು. ಅವನು ಕೇಳುವುದಿಲ್ಲ, ಎದುರಿಗೆ ಸಿಕ್ಕರೆ ಹವಾಮಾನದ ವಿಷಯ ಮಾತಾಡುತ್ತಾನೆ, ಅದು ಕೇಳುವುದಕ್ಕಿಂತ ಕಷ್ಟ. ಕಾರ್ಡನ್ನು ಪ್ಲಾಸ್ಟರ್ ಕತ್ತರಿಸುವ ಗರಗಸದಿಂದ ನಾಲ್ಕು ತುಂಡು ಮಾಡಿದೆ. ಆ ಐದು ನಿಮಿಷ ಮಾತ್ರ ಖುಷಿಯಾಗಿದ್ದೆ.

ಕಂಪನಿಯ ಎರಡನೆಯ ನೋಟೀಸು ಮಾರ್ಚ್ ಹದಿನಾಲ್ಕರ ತಾರೀಖಿನದು. ಇದ್ದಹಾಗೇ ಬರೆಯುತ್ತೇನೆ:

"ಮಾನ್ಯರೇ, ತಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ಎಲ್ಲರ ಜೀವನದಲ್ಲೂ ಇಂಥ ದಿನಗಳು ಬರುತ್ತವೆ. ಬಾಕಿ ಮೊತ್ತವನ್ನು ಕೂಡಲೇ ಕಟ್ಟಬೇಕಾಗಿ ಕೋರುತ್ತೇವೆ. ಈ ವಿಷಯ ತಮ್ಮ ಮನೆಯವರಿಗೆ ನಮ್ಮಿಂದ ತಿಳಿಯುವ ಮೊದಲು ತಮ್ಮಿಂದಲೇ ತಿಳಿದರೆ ಒಳ್ಳೆಯದು ಎಂಬುದು ನಮ್ಮ ಕಳಕಳಿ."

ಉಳಿದ ಹದಿಮೂರು ಕಾಗದದಲ್ಲಿ ಕಾನೂನು, ಕಲಂ, ಕೆಂಪು ಅಕ್ಷರ ಎಲ್ಲ ಇದ್ದವು. ಅವನ್ನು ಓದಿ ಹೆದರಿಕೆಯಾಯಿತು, ಆಮೇಲೆ ಹೋಯಿತು. ಇದು ಹೋಗುತ್ತಿಲ್ಲ. ಇದನ್ನು ಬರೆದವನು ನನ್ನ ಬಲ್ಲವನು, ಅಕ್ಕ. ನಾನು ಅವಳಿಗೆ ಹೇಳಿಲ್ಲ ಎಂದು ಅವನಿಗೆ ಗೊತ್ತು. ಈ ಕೋಣೆಯ ಸ್ಟೂಲಿನ ಮೇಲೆ ಕೂತು ನನ್ನನ್ನು ನೋಡಿ ಬರೆದ ಹಾಗಿದೆ. ಎಷ್ಟು ಮರ್ಯಾದೆಯ ಮಾತು ನೋಡು! ಗದರಿಸಿದ್ದರೆ ತಿರುಗಿ ಗದರಬಹುದಿತ್ತು. ಓದುವಾಗ ನನಗೆ ನಲವತ್ತು ವರ್ಷ ಎಂಬುದೇ ಮರೆತುಹೋಯಿತು. ಎದ್ದು ಹೋಗಿ ಚಿಕ್ಕವನ ಹಾಗೆ ಗೋಡೆಗೆ ಒತ್ತಿ ನಿಂತೆ.

ಟೀಚರ್‌ಗೆ ಹೇಳಿಲ್ಲ. ಹೇಳಲು ಬಾಯಿ ತೆರೆದೆ, "ಏನು?" ಎಂದಳು, "ಉಪ್ಪು ಕಡಿಮೆ" ಎಂದೆ.

ತಮ್ಮ


ಮಾರ್ಚ್ 23

ಗುಬ್ಬಿ,

ಆ ಕಾಗದ ಬರೆದವರಿಗೆ ನೀನು ಗೊತ್ತಿಲ್ಲ. ಅದು ಆರು ಸಾವಿರ ಜನಕ್ಕೆ ಹೋಗುವ ಕಾಗದ. ಹೆಸರು, ಮೊತ್ತ ಮಾತ್ರ ಬದಲಾಗುತ್ತದೆ. ಇನ್ನೊಂದು ಸಲ ಅದನ್ನು ಓದಬೇಡ. ಮಡಿಸಿ ಒಳಗಿಡು.

ಮುಂದೆ ಆಗುವುದನ್ನು ಬರೆಯುತ್ತೇನೆ. ಮೊದಲೇ ಗೊತ್ತಿದ್ದರೆ ಹೆದರಿಕೆ ಅರ್ಧವಾಗುತ್ತದೆ. ಎರಡನೆಯ ನೋಟೀಸಿನ ಇಪ್ಪತ್ತೊಂದನೆಯ ದಿನ ಮೂರನೆಯದು ಬರುತ್ತದೆ, ಏಪ್ರಿಲ್ ನಾಲ್ಕಕ್ಕೆ. ಅದು ಚಿಕ್ಕದು, ಮೂರೇ ಸಾಲು. ಅದಾಗಿ ಎರಡು ದಿನಕ್ಕೆ ಒಬ್ಬ ಮನುಷ್ಯ ಬರುತ್ತಾನೆ. ಕೂರು ಎಂದರೆ ಕೂರುವುದಿಲ್ಲ. ಕೂತವನ ಜೊತೆ ಮಾತು ಬೆಳೆಯುತ್ತದೆ ಎಂದು ಅವನಿಗೆ ಹೇಳಿಕೊಟ್ಟಿರುತ್ತಾರೆ. ಕೋರ್ಟಿನ ಆದೇಶ ಇಲ್ಲದೆ ಅವನು ನಿನ್ನ ಒಂದು ಚಮಚವನ್ನೂ ಮುಟ್ಟುವಂತಿಲ್ಲ. ಗುರುತಿನ ಚೀಟಿ ಕೇಳು. ಹೆಸರು, ಹೊತ್ತು ಬರೆದುಕೋ. ಅವನ ಕೈಗೆ ಹಣ ಕೊಡಬೇಡ.

ಅವರು ಫೋನಿನಲ್ಲಿ ಯಾರಿಗೂ ಹೇಳದ ವಿಷಯ ಇದು. ನಾಲ್ಕು ಕಂತು ತಪ್ಪಿದ ಖಾತೆ ಪೂರ್ತಿ ವಸೂಲಾಗುವುದಿಲ್ಲ ಎಂದು ಅವರೇ ಲೆಕ್ಕದಲ್ಲಿ ಅರ್ಧ ಕೈಬಿಟ್ಟಿರುತ್ತಾರೆ. ಒಂದೇ ಸಲಕ್ಕೆ ಇತ್ಯರ್ಥ ಎಂದು ಲಿಖಿತವಾಗಿ ಕೇಳಿದರೆ ನೂರಕ್ಕೆ ಅರವತ್ತಕ್ಕೆ ಒಪ್ಪುತ್ತಾರೆ. ಒಂದು ಲಕ್ಷ ಎಂಟು ಸಾವಿರ. ಆದರೆ ಏಪ್ರಿಲ್ ಮೂವತ್ತರೊಳಗೆ. ಅದು ದಾಟಿದರೆ ಖಾತೆ ಹೊರಗಿನ ವಸೂಲಿಯವರಿಗೆ ಮಾರಾಟವಾಗುತ್ತದೆ, ಅವರು ಬೇರೆ ಥರದ ಜನ. ಇತ್ಯರ್ಥ ಮಾಡಿಕೊಂಡರೆ ಕೆಲವು ವರ್ಷ ನಿನಗೆ ಬೇರೆ ಯಾರೂ ಸಾಲ ಕೊಡುವುದಿಲ್ಲ. ಅದು ಶಿಕ್ಷೆಯಲ್ಲ, ಔಷಧ.

ಫರ್ನೇಸ್ ಮಾರು. ಸಾಲದ ಸಾಮಾನು, ಅವರ ಅನುಮತಿ ಬೇಕು. ಇತ್ಯರ್ಥಕ್ಕಾಗಿ ಎಂದು ಅರ್ಜಿ ಹಾಕಿದರೆ ಕೊಡುತ್ತಾರೆ. ಅರ್ಜಿ ಬರೆದು ಇದರೊಳಗೆ ಇಟ್ಟಿದ್ದೇನೆ, ಸಹಿ ಹಾಕಿ ಕಳಿಸು.

ನನಗೆ ಹೇಗೆ ಗೊತ್ತು ಎಂದು ಕೇಳಬೇಡ.

ಅಕ್ಕ


ಏಪ್ರಿಲ್ 7

ಅಕ್ಕಾ,

ನಾಲ್ಕಕ್ಕೆ ಬಂತು. ಮೂರೇ ಸಾಲು. ನಿನ್ನೆ ಮನುಷ್ಯನೂ ಬಂದ.

ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಕುರ್ಚಿ ಎಳೆದು "ಕೂತ್ಕೊಳಿ" ಎಂದೆ. "ಪರ್ವಾಗಿಲ್ಲ ಸಾರ್, ನಿಂತೇ ಇರ್ತೀನಿ." "ಎಷ್ಟು ಹೊತ್ತು?" "ಹೊತ್ತಿಂದೇನಿದೆ ಸಾರ್, ನಂಗೆ ಇದೇ ಕೆಲ್ಸ." ಕಪಾಟಿನಲ್ಲಿ ಸಾಲಾಗಿ ಇಟ್ಟಿದ್ದ ಹಲ್ಲಿನ ಸೆಟ್ಟುಗಳನ್ನು ನೋಡುತ್ತ, "ನೀವು ಬಿಟ್ರೆ ಇಲ್ಲಿ ಎಲ್ರೂ ನಗ್ತಿದಾರೆ" ಎಂದ. ಗುರುತಿನ ಚೀಟಿ ಕೇಳಿದೆ, ತೋರಿಸಿದ. ಬರೆದುಕೊಂಡೆ. ಅವಸರದಲ್ಲಿ ಗೀಚಿದ ಅವನ ಹೆಸರು ನನಗೇ ಓದಲು ಬರುವುದಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ಮೇಡಮ್ಮೋರು ಶಾಲೆಯಿಂದ ಮೂರೂವರೆಗೆ ಬರ್ತಾರಲ್ವಾ? ಇನ್ನೊಂದ್ಸಲ ಆ ಹೊತ್ತಿಗೇ ಬರ್ತೀನಿ" ಎಂದ. ಅಷ್ಟೇ. ನಕ್ಕು ಹೋದ.

ಅವನು ಹೋದ ಮೇಲೆ ನನಗೆ ಹೊಳೆದದ್ದು ಬೇರೆ. ನೀನು ಹೇಳಿದ್ದು ಒಂದೂ ತಪ್ಪಲಿಲ್ಲ. ದಿನ ತಪ್ಪಲಿಲ್ಲ, ಸಾಲು ತಪ್ಪಲಿಲ್ಲ, ಕೂರುವುದಿಲ್ಲ ಎಂಬುದೂ ತಪ್ಪಲಿಲ್ಲ. ಇದನ್ನೆಲ್ಲ ಯಾರೂ ಪುಸ್ತಕ ಓದಿ ತಿಳಿಯುವುದಿಲ್ಲ. ಹೋದ ವರ್ಷ ದೊಡ್ಡ ಮನೆ ಬಿಟ್ಟು ಒಂದೇ ಕೋಣೆಗೆ ಯಾಕೆ ಹೋದೆ? ಅಲ್ಲಿಂದೀಚೆಗೆ ಇಲ್ಲಿಗೆ ಯಾಕೆ ಬಂದಿಲ್ಲ? ಹೊಟ್ಟೆ ತುಂಬ ಊಟ ಮಾಡುತ್ತಿದ್ದೀಯಾ? ಹೇಗೆ ಗೊತ್ತು ಎಂದು ಕೇಳಬೇಡ ಎಂದೆ, ಕೇಳುವುದಿಲ್ಲ. ಊಹಿಸಲು ನನಗೂ ಬರುತ್ತದೆ.

ಅನುಮತಿ ಬಂದಿದೆ. ಫರ್ನೇಸಿಗೆ ಒಬ್ಬರು ಗಿರಾಕಿ ಬಂದು ನೋಡಿ ಹೋದರು.

ತಮ್ಮ


ಏಪ್ರಿಲ್ 12

ಗುಬ್ಬಿ,

ನೀನು ಊಹಿಸಿದ್ದು ನಿಜವಿರಬಹುದು. ನೀನು ಚಿಕ್ಕಂದಿನಿಂದಲೂ ನಾನು ಮುಚ್ಚಿಟ್ಟದ್ದನ್ನು ಮೂಸಿ ಕಂಡುಹಿಡಿಯುತ್ತಿದ್ದೆ. ಗೊತ್ತಾದ ಮೇಲೂ ನನಗೆ ಕಾಗದ ಬರೆದೆಯಲ್ಲ, ಊಟ ಮಾಡಿದೆಯಾ ಎಂದು ಕೇಳಿದೆಯಲ್ಲ, ಅದನ್ನು ಓದಿ ಆಫೀಸಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ.

ಯಾವಾಗ ಶುರುವಾಯಿತು, ಹೇಗೆ ಶುರುವಾಯಿತು ಎಂದು ಎದುರಿಗೆ ಕೂತು ಹೇಳುತ್ತೇನೆ. ಕಾಗದದಲ್ಲಿ ಬೇಡ. ಟೀಚರ್‌ಗೆ ಸದ್ಯಕ್ಕೆ ಹೇಳಬೇಡ, ನಾಚಿಕೆಯಾಗುತ್ತದೆ. ಮೂರು ವರ್ಷದಿಂದ ಒಂದು ರಾತ್ರಿಯೂ ನೆಟ್ಟಗೆ ನಿದ್ದೆಯಿಲ್ಲ. ಇರಲಿ. ಅದು ನನ್ನದು.

ನಿನ್ನದು ಏಪ್ರಿಲ್ ಮೂವತ್ತು. ಬೇರೇನನ್ನೂ ತಲೆಗೆ ಹಾಕಿಕೊಳ್ಳಬೇಡ. ಫರ್ನೇಸ್ ಹಣವನ್ನು ನಿನ್ನ ಬ್ಯಾಂಕ್ ಖಾತೆಗೆ ಹಾಕಬೇಡ, ಹಾಕಿದ ಕ್ಷಣ ತಪ್ಪಿದ ಕಂತುಗಳಿಗೆಂದು ಕತ್ತರಿಸಿಕೊಳ್ಳುತ್ತಾರೆ, ಇತ್ಯರ್ಥಕ್ಕೆ ಏನೂ ಉಳಿಯುವುದಿಲ್ಲ. ಡ್ರಾಫ್ಟ್ ಮಾಡಿಸು.

ಅಕ್ಕ


ಏಪ್ರಿಲ್ 21

ಅಕ್ಕಾ,

ರಿಜಿಸ್ಟರ್ಡ್ ಲಕೋಟೆ ಯಾಕೆ ಎಂದು ಹೆದರಬೇಡ. ಒಳಗಿರುವುದು ಡ್ರಾಫ್ಟ್, ನಿನ್ನ ಹೆಸರಿಗೆ. ಒಂದು ಲಕ್ಷ ಏಳು ಸಾವಿರ.

ಫರ್ನೇಸ್ ತೊಂಬತ್ನಾಲ್ಕಕ್ಕೆ ಹೋಯಿತು. ಕೊಂಡವನು ಎರಡು ಸಲ ಬಾಗಿಲು ತೆರೆದು ಮುಚ್ಚಿ, "ಏನ್ ಸಾರ್, ಹೊಸಾ ಮದ್ಲಿಂಗಿತ್ತಿ ಇದ್ದಂಗಿದೆ, ಬಳಸೇ ಇಲ್ವಾ?" ಎಂದ. ಉಳಿದ ಹದಿಮೂರು ಸಾವಿರ ಟೀಚರ್ ಕೊಟ್ಟದ್ದು. ಹೌದು, ಹೇಳಿದೆ. ಬೇಡ ಎಂದಿದ್ದೆ, ಆದರೂ ಹೇಳಿದೆ. ನಿನ್ನ ಸಾಲದ ವಿಷಯ.

ನನ್ನದು ಹೇಳಲಾಗಲಿಲ್ಲ, ಅಕ್ಕ. ನಿನ್ನದು ಸಲೀಸಾಗಿ ಬಂತು. ಅಕ್ಕನ ಬಾಗಿಲಿಗೂ ವಸೂಲಿಯವರು ಬರುತ್ತಿದ್ದಾರೆ, ನಿದ್ದೆಯಿಲ್ಲ, ಒಂದೇ ಕೋಣೆ ಎಂದೆಲ್ಲ ಹೇಳುತ್ತ ಹೋದೆ. ಅವಳು ಎದ್ದು ಹೋಗಿ ಟ್ರಂಕಿನಿಂದ ಕವರು ತಂದಳು. "ಅತ್ತಿಗೆ ನಮ್ಹತ್ರ ಯಾಕ್ರೀ ಮುಚ್ಚಿಡ್ಬೇಕಿತ್ತು? ನಾವೇನ್ ತಿಂದ್ಹಾಕ್ತೀವಾ?" ಎಂದಳು. ನನಗೆ ಆ ಮಾತು ಕೇಳಿ ಅಳು ಬಂತು, ನಿನಗಾಗಿ ಅಳುತ್ತಿದ್ದೇನೆ ಎಂದುಕೊಂಡಳು.

ನಿನ್ನ ಇತ್ಯರ್ಥಕ್ಕೂ ಇದೇ ಮೂವತ್ತು ಕೊನೆ ಇರಬೇಕು, ಅದಕ್ಕೇ ಆ ತಾರೀಖು ನಿನ್ನ ಬಾಯಲ್ಲಿ ಕೂತಿದೆ. ಮೊದಲು ನೀನು ಕಟ್ಟು. ಸಾಲದಿದ್ದರೆ ಬರೆ. ನನ್ನದು ವಸೂಲಿಯವರಿಗೆ ಮಾರಾಟವಾದರೆ ಆಗಲಿ. ಹೆದರಿ ಹೆದರಿ ನನಗೆ ಅಭ್ಯಾಸವಾಗಿದೆ. ನಿನ್ನನ್ನು ಹೆದರಿಸಿದವರನ್ನು ಮಾತ್ರ ಕಲ್ಪಿಸಿಕೊಳ್ಳಲೂ ಆಗುವುದಿಲ್ಲ. ಆ ಎರಡನೆಯ ನೋಟೀಸು ಬರೆದ ಮನುಷ್ಯ ನಿನಗೂ ಬರೆದಿದ್ದಾನಾ? ಅವನ ಕೈ ಸೇದಿಹೋಗಲಿ.

ನಿನ್ನ ಗುಬ್ಬಿ


ಏಪ್ರಿಲ್ 28

ಗುಬ್ಬಿ,

ಮೊದಲು ಮುಖ್ಯ ವಿಷಯ. ನಿನ್ನ ಕಂಪನಿ ಸಾಲ ನಿನ್ನೆ ಮಧ್ಯಾಹ್ನ ತೀರಿತು. ರಸೀದಿ, ‘ಬಾಕಿ ಇಲ್ಲ’ ಎಂಬ ಪತ್ರ ಎರಡೂ ಇದರ ಜೊತೆಗಿವೆ. ಕಡಿಮೆ ಬಿದ್ದ ಒಂದು ಸಾವಿರ ನಾನು ಹಾಕಿದೆ. ಆ ಮನುಷ್ಯ ಮೂರೂವರೆಗೆ ಬರುವುದಿಲ್ಲ. ಯಾವತ್ತೂ ಬರುವುದಿಲ್ಲ. ಇದನ್ನು ಎರಡು ಸಲ ಓದಿ ಆಮೇಲೆ ಮುಂದಕ್ಕೆ ಹೋಗು.

ನನಗೆ ಸಾಲವಿಲ್ಲ. ಯಾವತ್ತೂ ಇರಲಿಲ್ಲ. ನೀನು ನಿಜ ಊಹಿಸಿದ್ದೀಯ ಎಂದುಕೊಂಡು ಹಾಗೆ ಬರೆದೆ. ನೀನು ಊಹಿಸಿದ್ದು ಅದಲ್ಲ. ನಿನಗೆ ಸಾಲ ಕೊಟ್ಟ ಕಂಪನಿಯಲ್ಲೇ ನಾನು ಕೆಲಸ ಮಾಡುವುದು, ಅದರ ಹೆಸರನ್ನು ನಿನಗೆ ಎಂದೂ ಹೇಳಿರಲಿಲ್ಲ. ಟೈಪಿಸ್ಟ್ ಅಲ್ಲ. ಕಟ್ಟದವರಿಗೆ ಹೋಗುವ ನೋಟೀಸುಗಳನ್ನು ಬರೆಯುವುದು ನನ್ನ ಕೆಲಸ. ಎರಡನೆಯ ನೋಟೀಸು ನನ್ನದು. ನೀನು ಶಾಪ ಹಾಕಿದ ಕೈ ಇದೇ.

ಆರು ಸಾವಿರ ಜನಕ್ಕೆ ಹೋಗುತ್ತದೆ ಎಂದದ್ದು ಸುಳ್ಳು. ನಮ್ಮ ಫೈಲುಗಳಲ್ಲಿ ‘ಯಾರಿಗೆ ತಿಳಿದಿಲ್ಲ’ ಎಂದು ಒಂದು ಕಾಲಂ ಇದೆ. ಮೊದಲ ಕರೆ ಮಾಡುವವರು "ಮನೇಲಿ ಯಾರ ಹತ್ರ ಮಾತಾಡೋಣ ಸಾರ್?" ಎಂದು ಸುಮ್ಮನೆ ಕೇಳುತ್ತಾರೆ. ಆ ಕಡೆಯವರು ತಡವರಿಸಿದರೆ ಕಾಲಂ ತುಂಬುತ್ತದೆ. ಹಾಗೆ ತುಂಬಿದವರಿಗೆ ಮಾತ್ರ ಆ ವಾಕ್ಯವಿರುವ ನೋಟೀಸು. ನಿನ್ನ ಫೈಲು ತೆಗೆದು ನೋಡಿದೆ. ‘ಹೆಂಡತಿ’ ಎಂದು ಬರೆದಿತ್ತು.

ಮೂರು ವರ್ಷದ ಹಿಂದೆ ಮ್ಯಾನೇಜರು ನನ್ನನ್ನು ಕರೆದು, ಬೈಗುಳವಿಲ್ಲದೆ ಕೆಲಸ ಮಾಡುವ ಕಾಗದ ಬೇಕು ಎಂದರು. ಎರಡು ದಿನ ಏನೂ ಹೊಳೆಯಲಿಲ್ಲ. ಮೂರನೆಯ ದಿನ ಅಪ್ಪನ ಕನ್ನಡಕ ನೆನಪಾಯಿತು. ನಿನಗೆ ಎಂಟು ವರ್ಷ. ಒಡೆದು ಚೂರುಗಳನ್ನು ಚಾಪೆಯ ಸುರುಳಿಯೊಳಗೆ ಬಚ್ಚಿಟ್ಟಿದ್ದೆ. ಅಪ್ಪ ಮನೆಯೆಲ್ಲ ತಡಕುತ್ತಿದ್ದರು. ನಾನು ನಿನ್ನನ್ನು ಗೋಡೆಯ ಬಳಿ ಕರೆದು, ಮೆಲ್ಲಗೆ, ಮುದ್ದಿನಿಂದಲೇ ಹೇಳಿದೆ: "ನಾನು ಅಪ್ಪಂಗೆ ಹೇಳೋಕೆ ಮುಂಚೆ ನೀನೇ ಹೇಳ್ಬಿಡು, ಒಳ್ಳೇದು." ನಿನ್ನ ಮುಖ ಬಿಳುಚಿತು. ಊಟ ಬಿಟ್ಟೆ. ಸಂಜೆಗೆ ಹೋಗಿ ಹೇಳಿದೆ. ಅಪ್ಪ ಏನೂ ಮಾಡಲಿಲ್ಲ, ನೆನಪಿದೆಯಾ? ಆದರೆ ನೀನು ಹೆದರಿದ್ದು ಅಪ್ಪನಿಗಲ್ಲ, ಆ ನಡುವಿನ ಹೊತ್ತಿಗೆ. ಅದು ನನಗೆ ಆವತ್ತೇ ಗೊತ್ತಾಗಿತ್ತು. ಅದನ್ನೇ ಬರೆದುಕೊಟ್ಟೆ.

ನೀನು ಸರಿಯಾಗಿಯೇ ಹೇಳಿದ್ದೆ. ಬರೆದವರಿಗೆ ನೀನು ಗೊತ್ತಿತ್ತು.

ವಸೂಲಿ ಹೆಚ್ಚಿತು. ಬೋನಸ್ ಕೊಟ್ಟರು, ದೊಡ್ಡ ಮನೆ ಹಿಡಿದೆ. ಆಮೇಲೆ ಒಂದು ನೋಟೀಸು ವಾಪಸು ಬಂತು. ಹಿಂಬದಿಯಲ್ಲಿ ಹೆಂಗಸಿನ ಅಕ್ಷರ: "ಇವರಿಗೆ ಇನ್ನು ಬರೆಯಬೇಡಿ. ಇವರಿಲ್ಲ. ಇದು ಜೇಬಿನಲ್ಲಿ ಸಿಕ್ಕಿತು." ಮ್ಯಾನೇಜರು ಫೈಲು ಮುಚ್ಚಿದರು. ನಾನು ಆ ದೊಡ್ಡ ಮನೆ ಬಿಟ್ಟೆ, ಕೆಲಸ ಬಿಡಲಿಲ್ಲ. ಟೀಚರ್ ಎದುರು ಕೂರಲು ಮುಖವಿಲ್ಲದೆ ಅಲ್ಲಿಗೆ ಬರುವುದೂ ನಿಂತಿತು. ನಿನ್ನ ಮಾರ್ಚ್ ಹದಿನೆಂಟರ ಕಾಗದ ಓದಿದ ದಿನದಿಂದ ನಾನು ಹೆದರುತ್ತಿರುವುದು ಇದಕ್ಕೇ.

ನಿನ್ನೆ ಇತ್ಯರ್ಥದ ಮೇಜಿಗೆ ಹೋದೆ. ಅಲ್ಲಿ ಕೂರುವವರು ಹನ್ನೊಂದು ವರ್ಷದ ಪರಿಚಯ. "ಇದೇನ್ ಮೇಡಂ, ದಾರಿ ತಪ್ಪಿ ಈ ಕಡೆ?" ಎಂದು ನಕ್ಕರು. ಫಾರಂ ತುಂಬುತ್ತ, "ಸಾಲಗಾರ ನಿಮಗೇನಾಗ್ಬೇಕು?" ಎಂದರು. "ತಮ್ಮ." ಪೆನ್ನು ನಿಂತಿತು. "ಖಾಲಿ ಬಿಡ್ಲಾ? ಯಾರ್ ನೋಡ್ತಾರೆ." "ಬರೀರಿ" ಎಂದೆ. ಸಂಬಂಧಿಕರ ಖಾತೆಯ ವಿಷಯ ಮೊದಲೇ ತಿಳಿಸದಿದ್ದರೆ ಕೆಲಸ ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಸಂಜೆ ಹೋಯಿತು.

ಉಳಿದ ಮೂರು ಸಾಲ ನೀನೇ ತೀರಿಸಬಲ್ಲೆ. ಬಡ್ಡಿ ಜಾಸ್ತಿಯಿರುವ ಕಾರ್ಡಿಗೆ ಮೊದಲು, ಕೈಲಾದಷ್ಟೂ ಅದಕ್ಕೇ. ಡೀಲರ್‌ಗೆ ಹೋಗಿ ಮುಖ ತೋರಿಸು, ಬಳಸದ ಸಾಮಾನಿದ್ದರೆ ವಾಪಸು ತಗೋ ಎಂದು ಕೇಳು. ಗೆಳೆಯನಿಗೆ ತಿಂಗಳಿಗೆ ಐನೂರಾದರೂ ಸರಿ, ತಾರೀಖು ತಪ್ಪದೆ. ಟೀಚರ್ ಕೊಟ್ಟ ಹದಿಮೂರು ಸಾವಿರ ನಿನ್ನ ಸಾಲಕ್ಕೆ ಹೋಗಿದೆ. ಈಗ ಹೇಳಲೇಬೇಕು. ಇಷ್ಟಾದ ಮೇಲೂ ಬುದ್ಧಿ ಹೇಳುತ್ತಿದ್ದೇನೆ, ಕೈ ಕೇಳುವುದಿಲ್ಲ.

ಕ್ಷಮಿಸು ಎಂದು ಬರೆಯುವುದಿಲ್ಲ. ಬೈದು ಬರೆ. ಆದರೆ ಬರೆ.

ಅಕ್ಕ


ಮೇ 9

ಗುಬ್ಬಿ,

ಹನ್ನೊಂದು ದಿನವಾಯಿತು. ಕಾಗದ ನಿನಗೆ ಎರಡನೆಯ ತಾರೀಖಿಗೆ ಮುಟ್ಟಿದೆ, ಅಂಚೆ ಕಚೇರಿಯಲ್ಲಿ ವಿಚಾರಿಸಿದೆ. ಸಹಿ ನಿನ್ನದೇ ಎಂದರು.

ನಿನ್ನ ಫೋನು ಆಫ್. ಟೀಚರ್ ಫೋನು ಬಡಿದುಕೊಂಡು ಬಡಿದುಕೊಂಡು ನಿಲ್ಲುತ್ತದೆ. ಯಾರೂ ಎತ್ತದ ಫೋನು ಆ ಕಡೆಯಿಂದ ಹೇಗೆ ಕೇಳುತ್ತದೆ ಎಂದು ನಿನ್ನ ಮೊದಲ ಕಾಗದದಲ್ಲಿ ಓದಿದ್ದೆ. ಈ ಕಡೆಯಿಂದ ಹೇಗೆ ಎಂದು ಈಗ ತಿಳಿಯಿತು. ಮೆಟ್ಟಿಲಲ್ಲಿ ಅಂಚೆಯವನ ಹೆಜ್ಜೆ ಕೇಳಿದರೆ ಎದ್ದು ನಿಲ್ಲುತ್ತೇನೆ. ಲಕೋಟೆ ಬಂದರೂ ಹೆದರಿಕೆ, ಬರದಿದ್ದರೂ ಹೆದರಿಕೆ. ನಿನ್ನ ಅಕ್ಷರವಲ್ಲದ ಲಕೋಟೆ ಬಂದರೆ ಏನು ಮಾಡಲಿ ಎಂದು ಯೋಚಿಸಿ ಯೋಚಿಸಿ, ನೀರು ಕುಡಿದ ಲೋಟವನ್ನು ತೊಳೆದು ತೊಳೆದು ಇಡುತ್ತಿದ್ದೇನೆ.

ಬಸ್ಸು ಹತ್ತಿ ಬರಬಹುದು. ಬಾಗಿಲು ತೆರೆಯುವವರು ಯಾರು, ಅವರ ಮುಖ ಹೇಗಿರುತ್ತದೆ ಎಂದು ನೆನೆದು ಟಿಕೆಟ್ ಕೌಂಟರಿನಿಂದ ಎರಡು ಸಲ ವಾಪಸು ಬಂದೆ.

ಒಂದು ಪದ ಸಾಕು. ಖಾಲಿ ಹಾಳೆಯಾದರೂ ಸಾಕು, ವಿಳಾಸ ನಿನ್ನ ಕೈಯಲ್ಲಿ ಬರೆದಿರಲಿ.

ಅಕ್ಕ


ಮೇ 14

ಅತ್ತಿಗೆ,

ಮೊದಲ ಸಾಲಿನಲ್ಲೇ ಬರೆಯುತ್ತೇನೆ: ಇವರಿದ್ದಾರೆ. ಪಕ್ಕದ ಕೋಣೆಯಲ್ಲಿ ಯಾರದೋ ಕೆಳದವಡೆಯ ಸೆಟ್ಟನ್ನು ಉಜ್ಜುತ್ತಿದ್ದಾರೆ, ಸದ್ದು ಕೇಳುತ್ತಿದೆ. ವಿಳಾಸದಲ್ಲಿ ನನ್ನ ಅಕ್ಷರ ಕಂಡು ನಿಮಗೆ ಎದೆ ಧಸಕ್ಕೆಂದಿರುತ್ತದೆ. ನಿಮ್ಮ ಕಾಗದ ಇವತ್ತು ತಲುಪುವವರೆಗೆ ನೀವು ಇಷ್ಟು ಹೆದರಿದ್ದೀರಿ ಎಂದು ನನಗೆ ತಿಳಿದಿರಲಿಲ್ಲ. ನಿಮ್ಮ ಫೋನು ಬೇಕೆಂದೇ ಎತ್ತಲಿಲ್ಲ. ಕೋಪವಿತ್ತು, ಇನ್ನೂ ಇದೆ.

ಎರಡನೆಯ ತಾರೀಖು ನಿಮ್ಮ ದೊಡ್ಡ ಕಾಗದ ಕೈಗೆ ಬಂದ ಕೂಡಲೇ ಇವರು ಚಪ್ಪಲಿ ಮೆಟ್ಟಿ ಹೊರಟವರು ಮರುದಿನ ಮಧ್ಯಾಹ್ನದವರೆಗೆ ಬರಲಿಲ್ಲ. ಆ ಒಂದು ದಿನ ನಾನು ಎಲ್ಲೆಲ್ಲಿ ಹುಡುಕಿದೆ, ಯಾವ ಯಾವ ಜಾಗಕ್ಕೆ ಹೋಗಿ ಕೆಳಗೆ ಬಗ್ಗಿ ನೋಡಿದೆ ಎಂಬುದನ್ನು ಬರೆಯಲಾರೆ. ಬಸ್ ನಿಲ್ದಾಣದಲ್ಲಿ ಕೂತಿದ್ದರಂತೆ. ನಿಮ್ಮೂರಿನ ಬಸ್ಸು ಮೂರು ಸಲ ಹೊರಟರೂ ಹತ್ತಲಿಲ್ಲವಂತೆ. "ಹೋದ್ರೆ ಅಕ್ಕನ ಕೆನ್ನೆಗೆ ಬಾರಿಸ್ತೀನೋ ಕಾಲಿಗೆ ಬೀಳ್ತೀನೋ ಗೊತ್ತಾಗ್ಲಿಲ್ಲ" ಎಂದರು. ಬಂದವರು ನನ್ನನ್ನು ಕೂರಿಸಿ ಮಾರ್ಚಿನಿಂದ ಬಂದ ನಿಮ್ಮ ಕಾಗದಗಳನ್ನೆಲ್ಲ ಗಟ್ಟಿಯಾಗಿ ಓದಿದರು.

"ಇಷ್ಟು ದಿನ ಯಾರಿಗ್ರೀ ಹೆದ್ರಿದ್ದು? ಕಂಪನಿಯವ್ರಿಗಾ?" ಎಂದೆ.

"ಅಲ್ಲ."

"ಮತ್ತೆ?"

"ನಿಂಗೆ."

"ನಾನೇನ್ ಹುಲೀನಾ?"

"ಹುಲಿ ಆಗಿದ್ರೆ ಓಡ್ಬಹುದಿತ್ತು."

ನಗು ಬಂತು, ನಕ್ಕಿದ್ದಕ್ಕೆ ಸಿಟ್ಟೂ ಬಂತು. ಒಂಬತ್ತು ದಿನ ಸಾಲದ ವಿಷಯ ಬಿಟ್ಟು ಬೇರೆ ಮಾತಾಡಲಿಲ್ಲ. ಆದರೆ ಸಾಲದ ವಿಷಯ ಚೆನ್ನಾಗಿ ಮಾತಾಡಿದೆವು. ಡೀಲರ್ ಹತ್ತಿರ ಇಬ್ಬರೂ ಹೋದೆವು. ಒಡೆಯದ ಹಲ್ಲಿನ ಪೆಟ್ಟಿಗೆಗಳನ್ನು ವಾಪಸು ತೆಗೆದುಕೊಂಡು ಆರು ಸಾವಿರ ಕಳೆದರು. ಇವರು ಬೆಳಗಿನ ಹೊತ್ತು ಆ ದೊಡ್ಡ ಲ್ಯಾಬಿನಲ್ಲೇ ಪಾಲಿಶ್ ಕೆಲಸಕ್ಕೆ ಹೋಗುತ್ತಿದ್ದಾರೆ. ನಾನು ಶಾಲೆ ಬಿಟ್ಟ ಮೇಲೆ ನಾಲ್ಕು ಮಕ್ಕಳನ್ನು ನೋಡಿಕೊಳ್ಳುತ್ತೇನೆ. ಕಾರ್ಡಿನದು ಏಳು ತಿಂಗಳಿಗೆ ಮುಗಿಯುತ್ತದೆ ಎಂದು ನಮ್ಮ ಅಂದಾಜು. ತಪ್ಪಿದ್ದರೆ ತಿದ್ದಿ ಬರೆಯಿರಿ.

ಈ ಕಾಗದ ಬರೆಯುತ್ತಿರುವುದು ಇವರಿಗೆ ಗೊತ್ತು. ಅವರು ಬರೆಯುವುದಿಲ್ಲವಂತೆ, ಸದ್ಯಕ್ಕೆ. ಏನಾದರೂ ಹೇಳುವುದಿದೆಯಾ ಎಂದು ಕೇಳಿದೆ. ಉಜ್ಜುವುದನ್ನು ನಿಲ್ಲಿಸದೆಯೇ, "ಕೆಲ್ಸ ಹೋದ್ಮೇಲೆ ಅಕ್ಕ ಏನ್ ತಿಂತಿದಾಳೆ ಕೇಳು" ಎಂದರು.

ನನ್ನದು ಒಂದಿದೆ, ಅತ್ತಿಗೆ. ಎಂಟು ವರ್ಷದ ಇವರ ಮುಖ ಬಿಳುಚಿದ್ದನ್ನು ನೆನೆದು ಆ ನೋಟೀಸಿನ ಸಾಲು ಬರೆದೆ ಎಂದಿದ್ದೀರಿ. ಅದನ್ನು ನಾಲ್ಕು ಸಲ ಓದಿದೆ. ನಿಮ್ಮ ಮೇಲೆ ಬಂದ ಸಿಟ್ಟಿಗಿಂತ ಬೇರೇನೋ ಒಂದು ಅಲ್ಲಿ ಚುಚ್ಚಿತು. ಐದು ತಿಂಗಳು ಇವರು ನನ್ನ ಎದುರಿಗೇ ಕೂತು ಉಂಡರು, ಪಕ್ಕದಲ್ಲೇ ಮಲಗಿದರು, ಉಪ್ಪು ಕಡಿಮೆ ಎಂದರು, ನಾನು ಉಪ್ಪು ಹಾಕಿದೆ. ನಮ್ಮ ಮದುವೆಯಾಗಿ ಹನ್ನೆರಡು ವರ್ಷ. ಇವರು ಹೆದರಿದಾಗ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿದೆ.

ಶನಿವಾರ ಬನ್ನಿ. ಬಾಗಿಲು ನಾನೇ ತೆರೆಯುತ್ತೇನೆ. ನನ್ನ ಮುಖ ನೆಟ್ಟಗಿರುವುದಿಲ್ಲ, ಅದನ್ನು ನೋಡಿ ವಾಪಸು ಹೋಗಬೇಡಿ. ಇವರು ಹೆದರಿದಾಗಿನ ಮುಖ ಹೇಗೆ ಗುರುತಿಸುವುದು, ಅದೊಂದನ್ನು ನನಗೆ ಹೇಳಿಕೊಟ್ಟು ಹೋಗಿ.